ಕೆಂಪು ಮಾತ್ರೆ, ಕೊಬ್ಬರಿ ಉಂಡೆ

ನಾನು ಓಡುತ್ತಿರುವಾಗ ನಮ್ಮೂರಿನಲ್ಲಿ ಯಾರೂ ನನ್ನನ್ನು ಮಾತಾಡಿಸುತ್ತಿರಲಿಲ್ಲ. ನಿಂತಾಗಲೇ ತೊಂದರೆ. ಪಂಪ್‌ಹೌಸಿನಿಂದ ಬೇಲಿ ಮೂಲೆಯ ಹುಣಸೆಮರದವರೆಗೆ ಒಂದೇ ಉಸಿರಿಗೆ ಓಡಿ, ಮಂಡಿಯ ಮೇಲೆ ಕೈಯೂರಿ ಬಗ್ಗಿ ನಿಂತು, ಆಮೇಲೆ ನಿಧಾನವಾಗಿ ನಡೆದುಕೊಂಡು ವಾಪಸ್ ಬರುತ್ತಿದ್ದೆ. ಆ ನಡಿಗೆಯ ಹೊತ್ತಿಗೆ ಸರಿಯಾಗಿ ಡೇರಿಗೆ ಹಾಲು ಹಾಕಲು ಹೋಗುವವರ ಬೈಕುಗಳು ಬರುತ್ತಿದ್ದವು. ಒಂದಾದರೂ ನಿಲ್ಲದೆ ಹೋದದ್ದಿಲ್ಲ.

"ಯಾಕವ್ವ, ಸುಸ್ತಾಯ್ತಾ? ಹತ್ತು, ಮನೆ ತಾವ ಬುಡ್ತೀನಿ."

"ಇಲ್ಲ ಕಣಣ್ಣ. ಇದು ಹಿಂಗೇ. ಓಡೋದು, ನಿಲ್ಲೋದು, ಮತ್ತೆ ಓಡೋದು."

"ನಿಲ್ಲೋದಾದ್ರೆ ಓಡೋದ್ಯಾಕೆ?"

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ನನಗೇ ಗೊತ್ತಿಲ್ಲ. ಮೊದಮೊದಲು ನಗುತ್ತಾ ಹೇಳುತ್ತಿದ್ದೆ. ಆಮೇಲೆ ಹಲ್ಲು ಕಚ್ಚಿಕೊಂಡು ಹೇಳಿದೆ. ಕೊನೆಕೊನೆಗೆ ಬೈಕಿನ ಸದ್ದು ಕೇಳಿದ ಕೂಡಲೇ, ಉಸಿರು ತಿರುಗದೇ ಇದ್ದರೂ, ಮತ್ತೆ ಓಡತೊಡಗುತ್ತಿದ್ದೆ. ಅದರಿಂದ ಇಡೀ ದಿನದ ಅಭ್ಯಾಸವೇ ಕೆಟ್ಟುಹೋಗುತ್ತಿತ್ತು.

ನಾನು ಎಂಟುನೂರು ಮೀಟರ್ ಓಡುತ್ತಿದ್ದವಳು. ಅದು ಬಹಳ ಕೆಟ್ಟ ಓಟ. ನೂರು ಮೀಟರಿನಲ್ಲಿ ಕಣ್ಣು ಮುಚ್ಚಿ ನುಗ್ಗಬಹುದು, ಐದು ಸಾವಿರದಲ್ಲಿ ಮೈಯನ್ನು ಪುಸಲಾಯಿಸಿಕೊಂಡು ಹೋಗಬಹುದು. ಎಂಟುನೂರಿನಲ್ಲಿ ಎರಡೂ ನಡೆಯುವುದಿಲ್ಲ. ಮೊದಲ ಸುತ್ತನ್ನು ಯಾರಾದರೂ ಓಡುತ್ತಾರೆ. ಎರಡನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಕಾಲುಗಳು ಬೇರೆ ಯಾರದೋ ಅನ್ನಿಸಿಬಿಡುತ್ತವೆ. ಅಂಥ ಕಾಲುಗಳನ್ನು ಮೊದಲೇ ಪಳಗಿಸುವುದಕ್ಕೆ ಒಂದಷ್ಟು ದೂರ ಜೋರಾಗಿ ಓಡಬೇಕು, ಅರ್ಧ ಉಸಿರು ತಿರುಗುವಷ್ಟು ಹೊತ್ತು ನಡೆಯಬೇಕು, ಪೂರ್ತಿ ತಿರುಗುವ ಮೊದಲೇ ಮತ್ತೆ ಜೋರಾಗಿ ಓಡಬೇಕು. ಇದಕ್ಕೆ ಇಂಟರ್ವಲ್ ಟ್ರೈನಿಂಗ್ ಅನ್ನುತ್ತಾರೆ. ತಿಪಟೂರಿನಲ್ಲಿ ನಾನು ಓದುತ್ತಿದ್ದ ಕಾಲೇಜಿನ ದೈಹಿಕ ಶಿಕ್ಷಣದ ಮೇಡಂ ನನಗೆ ಇದನ್ನು ಕಲಿಸಿದರು. ಊರಿನಲ್ಲಿ ಓಡುವ ದಿನಗಳಲ್ಲಿ ಏನೇನು ಮಾಡಬೇಕೆಂದು ವಾಟ್ಸಾಪಿನಲ್ಲಿ ಅವರು ಕಳಿಸುತ್ತಿದ್ದ ಮಾತಿನ ಕೊನೆಯಲ್ಲಿ ಯಾವಾಗಲೂ ಒಂದು ವಾಕ್ಯ ಇರುತ್ತಿತ್ತು. "ನಡೆಯೋದನ್ನ ಮಾತ್ರ ಬಿಡಬೇಡ, ಆ ನಡಿಗೇಲೇ ಮೈ ಕಲಿಯೋದು."

ಶೆಟ್ಟಿಕೆರೆ ಕಡೆಯ ನಮ್ಮೂರಿಗೆ ಇದನ್ನು ತಿಳಿಸಿ ಹೇಳುವುದು ನನ್ನ ಕೈಲಾಗಲಿಲ್ಲ. ನಾನು ಬಗ್ಗಿ ಏದುಸಿರು ಬಿಡುವುದನ್ನು ದಿನಾ ನೋಡುತ್ತಿದ್ದವರಲ್ಲಿ ನಮ್ಮ ದೊಡ್ಡಮ್ಮನೂ ಒಬ್ಬಳು. ಅಪ್ಪನ ಅಣ್ಣನ ಹೆಂಡತಿ, ಎದುರು ಮನೆಯವಳು. ದೊಡ್ಡಮ್ಮನಿಗೆ ನನ್ನ ಮೇಲೆ ಪ್ರೀತಿಯೇನೂ ಕಡಿಮೆ ಇರಲಿಲ್ಲ, ಆದರೆ ಅವಳ ಪ್ರೀತಿ ಬಾಯಿಯ ಮೂಲಕವೇ ಊರೆಲ್ಲ ಸುತ್ತಿ ಬರುತ್ತಿತ್ತು. ಒಂದು ಬೆಳಿಗ್ಗೆ ನಾನು ಬಚ್ಚಲಿನಲ್ಲಿ ಮುಖ ತೊಳೆಯುತ್ತಿದ್ದಾಗ ಅವಳು ಅಮ್ಮನಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು.

"ಹುಡುಗಿಗೆ ಉಬ್ಬಸ ಇರ್ಬೇಕು ಕಣೇ. ನಾಕ್ ಹೆಜ್ಜೆ ಓಡ್ತಾಳೆ, ಬಾಯಿ ಬುಡ್ತಾಳೆ. ಮತ್ತೆ ನಾಕ್ ಹೆಜ್ಜೆ ಓಡ್ತಾಳೆ, ಮತ್ತೆ ಬಾಯಿ ಬುಡ್ತಾಳೆ. ತುರುವೇಕೆರೆಯೋರು ಕೇಳ್ಕಂಡು ಬಂದವ್ರೆ. ಅವ್ರ ಕಿವಿಗೆ ಬಿದ್ರೆ ಏನ್ ಗತಿ?"

ತುರುವೇಕೆರೆಯವರೆಂದರೆ ನನ್ನನ್ನು ತಮ್ಮ ಮಗನಿಗೆ ಕೇಳಿದ್ದ ಮನೆಯವರು. ಒಳ್ಳೆಯ ತೋಟ, ಒಳ್ಳೆಯ ಮನೆತನ, ದಸರಾ ಕಳೆದ ಮೇಲೆ ಬಂದು ನೋಡುತ್ತೇವೆಂದು ಹೇಳಿಕಳಿಸಿದ್ದರು. ನನಗೆ ಮದುವೆ ಬೇಕೋ ಬೇಡವೋ ಎಂದು ಇನ್ನೂ ಯಾರೂ ಕೇಳಿರಲಿಲ್ಲ. ಮುಖ ಒರೆಸಿಕೊಳ್ಳದೆ ಹಾಗೇ ಹೊರಗೆ ಬಂದು, "ದೊಡ್ಡಮ್ಮ, ಉಬ್ಬಸ ಇರೋಳು ಪಂಪ್‌ಹೌಸ್‌ನಿಂದ ಹುಣಸೆಮರದ ಗಂಟ ಓಡ್ತಾಳಾ? ನೀನು ಒಂದ್ಸಲ ಓಡಿ ತೋರ್ಸು ನೋಡಾನ" ಅಂದೆ. ದೊಡ್ಡಮ್ಮ ನಕ್ಕಳು. ಅಮ್ಮ ನಗಲಿಲ್ಲ.

ಅವತ್ತೇ ಅಪ್ಪ ಒಂದು ಮಾತು ಆಡಿದ. ಅಪ್ಪ ಜೋರು ಮಾಡುವವನಲ್ಲ. ತೋಟದಿಂದ ಬಂದು ಜಗಲಿಯಲ್ಲಿ ಕೂತು, ಕಾಲಿನ ಮಣ್ಣು ಕೆರೆಯುತ್ತಾ, ಮಳೆಯ ವಿಷಯ ಹೇಳುವಷ್ಟೇ ತಣ್ಣಗೆ ಹೇಳಿದ.

"ನೋಡು ಮಗ. ಈ ಸಲ ಜಿಲ್ಲೆಲಿ ಮೊದಲೆರಡ್ರಲ್ಲಿ ಬಂದ್ಯಾ, ಓಡ್ಕಂಡಿರು, ಆ ತುರುವೇಕೆರೆಯೋರ್ಗೆ ನಾನೇ ಬ್ಯಾಡ ಅಂತೀನಿ. ಬರ್ಲಿಲ್ವಾ, ಇದನ್ನ ಬುಟ್ಬುಡು. ನಿಮ್ಮಮ್ಮ ಹೇಳ್ದಂಗೆ ಕೇಳು."

ನಾನು ಒಪ್ಪಿಕೊಂಡೆ. ಜಿಲ್ಲೆಯಲ್ಲಿ ಮೊದಲಿಬ್ಬರು ರಾಜ್ಯಕ್ಕೆ ಹೋಗುತ್ತಿದ್ದರು. ಹಿಂದಿನ ವರ್ಷ ನಾನು ಮೂರನೆಯವಳಾಗಿದ್ದೆ. ಒಂದೇ ಒಂದು ಜಾಗ ಮೇಲೆ ಹೋಗಬೇಕಿತ್ತು, ಅಷ್ಟೇ. ಅದು ನನ್ನ ಕೈಯಲ್ಲೇ ಇದೆ ಅಂದುಕೊಂಡೆ.

ಆದರೆ ಮೈ ಮಾತು ಕೇಳುತ್ತಿರಲಿಲ್ಲ. ಮೊದಲ ಮೂರ್ನಾಲ್ಕು ಓಟ ಚೆನ್ನಾಗಿ ಬರುತ್ತಿತ್ತು, ಆಮೇಲೆ ತೊಡೆಗಳು ಒದ್ದೆ ಮೂಟೆಯಷ್ಟು ಭಾರವಾಗುತ್ತಿದ್ದವು. ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಒಂದು ದಿನ ಕಾಲೇಜಿನ ಮೈದಾನದಲ್ಲಿ ಮೇಡಂ ಹತ್ತಿರ ಕರೆದು ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. "ಮುಟ್ಟು ಸರಿಯಾಗಿ ಆಗ್ತಿದೆಯಾ? ಎಷ್ಟು ದಿನ ಹೋಗುತ್ತೆ?" ಎಂದು ಮೈದಾನದ ಮಧ್ಯೆಯೇ ಕೇಳಿದರು. ನಾನು ಸುತ್ತ ನೋಡಿದೆ. "ನಾಚಿಕೊಳ್ಳೋದಾದ್ರೆ ಓಡೋದು ಬಿಟ್ಟುಬಿಡು" ಅಂದರು. ಮಾರನೆಯ ದಿನವೇ ತಮಗೆ ಗೊತ್ತಿದ್ದ ಒಬ್ಬ ಲೇಡಿ ಡಾಕ್ಟರ ಹತ್ತಿರ ರಕ್ತ ಪರೀಕ್ಷೆಗೆ ಕಳಿಸಿದರು.

ರಕ್ತದಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆಯಾಗಿತ್ತು. ಹೆಣ್ಣುಮಕ್ಕಳಿಗೆ ತಿಂಗಳು ತಿಂಗಳೂ ಒಂದಿಷ್ಟು ಹೋಗುತ್ತದೆ, ಓಡುವವರಿಗೆ ಬೇರೆಯವರಿಗಿಂತ ಹೆಚ್ಚೇ ಬೇಕು, ಊಟದಲ್ಲಿ ಅಷ್ಟು ಬರುತ್ತಿಲ್ಲ ಎಂದು ಡಾಕ್ಟರು ವಿವರಿಸಿದರು. ಕೆಂಪು ಮಾತ್ರೆ ಬರೆದುಕೊಟ್ಟರು. ದಿನಕ್ಕೊಂದು, ನಿಂಬೆಹಣ್ಣಿನ ಪಾನಕದ ಜೊತೆ. ಕಾಫಿ, ಹಾಲು ಹತ್ತಿರಕ್ಕೂ ಬರಬಾರದು, ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಮಲ ಕಪ್ಪಗಾಗುತ್ತದೆ, ಹೆದರಬೇಡ. ಕೆಲವು ತಿಂಗಳು ಬಿಡದೆ ತೆಗೆದುಕೊಳ್ಳಬೇಕು.

ಇದನ್ನು ಮನೆಗೆ ಬಂದು ಹೇಳಿದಾಗ ಖುಷಿಪಟ್ಟವನು ಅಪ್ಪ ಒಬ್ಬನೇ. ಅವನ ಖುಷಿಗೆ ಕಾರಣ ಬೇರೆ ಇತ್ತು.

"ಕಬ್ಬಿಣ ಕಮ್ಮಿನಾ? ನೋಡು ಮತ್ತೆ, ನಮ್ಮ ಬಚ್ಚಲ ಮರಕ್ಕೂ ತೋಟಗಾರಿಕೆಯೋರು ಅದೇ ಅಂದ್ರು ಕಣವ್ವ!"

ಬಚ್ಚಲ ಮರ ಅಂದರೆ ಹಿತ್ತಲಿನಲ್ಲಿ ಬಚ್ಚಲ ನೀರು ಹೋಗುವ ಕಡೆ ಇರುವ ತೆಂಗಿನಮರ. ಎಲ್ಲರ ಮನೆಯಲ್ಲೂ ಅಂಥ ಮರವೇ ಎಲ್ಲಕ್ಕಿಂತ ಹಸಿರಾಗಿ, ಗೊನೆ ತುಂಬಿ ನಿಲ್ಲುತ್ತದೆ. ನಮ್ಮದು ಮಾತ್ರ ಆ ವರ್ಷ ಗರಿ ಹಳದಿ ಮಾಡಿಕೊಂಡು, ಎಳೆಗಾಯಿಯ ಹರಳೆಲ್ಲ ಉದುರಿಸಿಕೊಂಡು ನಿಂತಿತ್ತು. ಅಪ್ಪನಿಗೆ ಅದು ದೊಡ್ಡ ಅವಮಾನ. ತೋಟದ ಯಾವ ಮರ ಸೊರಗಿದರೂ ಅವನು ಸುಮ್ಮನಿರುತ್ತಿದ್ದನೇನೋ, ಇದು ಮನೆಗೆ ಬಂದವರೆಲ್ಲ ಕೈಕಾಲು ತೊಳೆಯಲು ಹೋದಾಗ ಕಣ್ಣಿಗೆ ಬೀಳುವ ಮರ. ಬುಡದ ಮಣ್ಣು ಬಿಡಿಸಿ, ಎಳೆಯ ಬೇರೊಂದನ್ನು ಓರೆಯಾಗಿ ಕತ್ತರಿಸಿ, ಔಷಧಿ ತುಂಬಿದ ಪ್ಲಾಸ್ಟಿಕ್ ಕವರಿನೊಳಗೆ ಅದ್ದಿ ದಾರ ಕಟ್ಟಿ ಬಿಡುತ್ತಿದ್ದ. ಮರ ರಾತ್ರೋರಾತ್ರಿ ಅದನ್ನು ಹೀರಿಕೊಂಡುಬಿಡುತ್ತದೆ. ಬೆಳಿಗ್ಗೆ ಎದ್ದು ಖಾಲಿ ಕವರನ್ನು ನೋಡಿದಾಗ ಅವನ ಮುಖ ಅರಳುತ್ತಿತ್ತು.

ಅಪ್ಪನನ್ನು ನೋಡಿ ನನಗೆ ಧೈರ್ಯ ಬಂತು. ಮರಕ್ಕೆ ಔಷಧಿ ಕೊಡಬೇಕೆಂದು ತಿಳಿದವನಿಗೆ ಮಗಳಿಗೆ ಕೊಡಬೇಕೆಂದು ಬಿಡಿಸಿ ಹೇಳಬೇಕಾಗಿಲ್ಲ ಅಂದುಕೊಂಡೆ.

ಮಾತ್ರೆ ಕೆಲಸ ಮಾಡಿತು. ಮೊದಲ ಶೀಟು ಮುಗಿಯುವ ಹೊತ್ತಿಗೆ ಕೊನೆಯ ಓಟವೂ ಮೊದಲನೆಯದರ ಹತ್ತಿರಹತ್ತಿರಕ್ಕೆ ಬರತೊಡಗಿತು. ಮೇಡಂ ವಾಚು ನೋಡಿ ಏನೂ ಹೇಳದೆ ನನ್ನ ಬೆನ್ನಿಗೊಂದು ಏಟು ಕೊಟ್ಟರು. ಅವರು ಹೊಗಳುತ್ತಿದ್ದದ್ದೇ ಹಾಗೆ. ಅವತ್ತು ತಿಪಟೂರಿನಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದರೂ ಕಾಲು ನೋಯಲಿಲ್ಲ.

ಜೊತೆಗೆ ಪ್ರೋಟೀನು ಬೇಕಿತ್ತು. ಮೊಟ್ಟೆ ತಿನ್ನು ಎಂದು ಮೇಡಂ ಹೇಳಿದ್ದನ್ನು ನಾನು ಮನೆಯಲ್ಲಿ ಬಾಯಿಬಿಡಲಿಲ್ಲ. ಲಿಂಗ ಕಟ್ಟಿದವರ ಮನೆ ನಮ್ಮದು, ಮೊಟ್ಟೆ ಅನ್ನುವ ಪದ ಅಡುಗೆಮನೆಯ ಹೊಸಿಲು ದಾಟಿದ್ದಿಲ್ಲ. ಕಡಲೆ, ಹೆಸರುಕಾಳು ನೆನೆಸಿ ತಿನ್ನುತ್ತಿದ್ದೆ, ಹೊಟ್ಟೆ ಉಬ್ಬರಿಸಿ ಓಡಲು ಆಗುತ್ತಿರಲಿಲ್ಲ. ಕೊನೆಗೆ ಮೇಡಂ ತಾವೇ ಒಂದು ಡಬ್ಬಿ ಪ್ರೋಟೀನ್ ಪುಡಿ ತರಿಸಿಕೊಟ್ಟರು. ಓಡಿ ಬಂದ ಮೇಲೆ ಒಂದು ಅಳತೆ ಹಾಕಿಕೊಂಡು ಕುಡಿ ಎಂದು ಒಳಗೇ ಒಂದು ಪುಟ್ಟ ಚಮಚವನ್ನೂ ಇಟ್ಟಿದ್ದರು.

ಅಮ್ಮ ಡಬ್ಬಿಯನ್ನು ದೇವರ ಮುಂದಿಟ್ಟು ವಿಭೂತಿ ಹಚ್ಚಿದಳು. ಅಷ್ಟಕ್ಕೇ ಅದು ಮನೆಯ ಡಬ್ಬಿಯಾಗಿಹೋಯಿತು. ಶಕ್ತಿ ಬರುವ ಪದಾರ್ಥವನ್ನು ಒಬ್ಬಳೇ ತಿನ್ನುವುದು ಎಲ್ಲಾದರೂ ಉಂಟೇ? ಅಪ್ಪ ತೋಟಕ್ಕೆ ಹೋಗುವ ಮುಂಚೆ ಹಾಲಿಗೆ ಬೆರೆಸಿಕೊಂಡ. ಮಂಡಿನೋವೆಂದು ದೊಡ್ಡಮ್ಮ ಲೋಟ ಹಿಡಿದುಕೊಂಡು ಬಂದಳು. ಕಾಯಿ ಕೀಳಲು ಬಂದವರಿಗೆ ಕಾಫಿಯ ಬದಲು ಅದನ್ನೇ ಕಲಸಿಕೊಟ್ಟರು, ಅವರು ವೆನಿಲ್ಲಾ ವಾಸನೆಗೆ ಮುಖ ಸಿಂಡರಿಸಿಕೊಂಡು ಅರ್ಧ ಚೆಲ್ಲಿದರು. ನಾನು ಎರಡನೇ ವಾರ ಡಬ್ಬಿ ತೆರೆದು ನೋಡಿದರೆ ತಳದಲ್ಲಿ ಚಮಚ ಮಾತ್ರ ಬಿದ್ದಿತ್ತು.

"ಅಮ್ಮಾ, ಇದು ನಂದು!"

"ನಿಂದೇ ಕಣೇ, ಯಾರ್ ಇಲ್ಲ ಅಂದ್ರು? ಮನೇಲಿ ನಾಕ್ ಜನ ಇದ್ದಾಗ ಬಚ್ಚಿಟ್ಕಂಡು ತಿನ್ನಾಕಾಗ್ತದಾ?"

ಮೈಯೆಲ್ಲ ಉರಿದುಹೋಯಿತು. ಆದರೆ ಪುಡಿಯಿಲ್ಲದೆಯೂ ಓಡಬಹುದು. ಮಾತ್ರೆ ಇದ್ದರೆ ಸಾಕು ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ.

ಮಾತ್ರೆಯ ಗತಿಯೂ ಅದೇ ಆಗುತ್ತದೆಂದು ಆಗ ಗೊತ್ತಿರಲಿಲ್ಲ. ಕಿಟಕಿಯ ಗೂಡಿನಲ್ಲಿ ಇಡುತ್ತಿದ್ದ ಮಾತ್ರೆಯ ಶೀಟನ್ನು ಒಂದು ದಿನ ದೊಡ್ಡಮ್ಮ ಕೈಗೆ ತೆಗೆದುಕೊಂಡು ತಿರುಗಿಸಿ ಮುರುಗಿಸಿ ನೋಡಿದಳು. "ದಿನಾ ನುಂಗ್ತಾಳಾ? ದಿನಾನೂ?" ಎಂದು ಎರಡು ಸಲ ಕೇಳಿದಳು. ದಿನಾ ಮಾತ್ರೆ ನುಂಗುವ ಹುಡುಗಿ ಎಂದರೆ ನಮ್ಮ ಕಡೆ ಅರ್ಥ ಒಂದೇ, ಹುಡುಗಿಯಲ್ಲಿ ಏನೋ ಐಬಿದೆ. ಅಮ್ಮನ ಮುಖ ಆವತ್ತು ಕಪ್ಪಿಟ್ಟಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅದರ ಮೇಲೆ ಮಾತ್ರೆಯಿಂದ ನನಗೆ ಹೊಟ್ಟೆ ಕಟ್ಟುತ್ತಿತ್ತು. ಅಮ್ಮನ ಲೆಕ್ಕದಲ್ಲಿ ಅದು ಉಷ್ಣ. ಉಷ್ಣ ಎಂದು ಒಂದು ಸಲ ತೀರ್ಮಾನವಾದರೆ ಯಾವ ಡಾಕ್ಟರ ಮಾತೂ ನಮ್ಮ ಅಡುಗೆಮನೆಯಲ್ಲಿ ನಿಲ್ಲುವುದಿಲ್ಲ.

ಎರಡು ದಿನ ಬಿಟ್ಟು ಅಮ್ಮ ತಾನಾಗಿಯೇ ಮೆತ್ತಗೆ ಮಾತು ತೆಗೆದಳು.

"ನೋಡೇ, ಆ ಮಾತ್ರೆ ಕಿಟಕೀಲಿ ಇಟ್ಕಂಡು ಊರಿಗೆಲ್ಲ ತೋರಿಸ್ಬ್ಯಾಡ. ನನ್ನ ತಾವ ಕೊಡು. ಪುಡಿ ಮಾಡಿ ಕೊಬ್ಬರಿ ಉಂಡೆ ಒಳಗೆ ಹಾಕಿ ದಿನಾ ನಾನೇ ಕೊಡ್ತೀನಿ. ಹೊಟ್ಟೇಗೂ ತಂಪು, ಯಾರ ಕಣ್ಣಿಗೂ ಬೀಳಲ್ಲ."

ನಾನು ಕೊಟ್ಟೆ. ಕೊನೆಗೂ ಅಮ್ಮ ನನ್ನ ಓಟಕ್ಕೆ ಒಂದು ಕೈ ಹಚ್ಚುತ್ತಿದ್ದಾಳೆ ಅಂದುಕೊಂಡೆ. ಅಟ್ಟದ ಮೇಲೆ ವರ್ಷವಿಡೀ ಕೂತು ಒಣಗಿದ ಕೊಬ್ಬರಿಯನ್ನು ತುರಿದು, ಬೆಲ್ಲದ ಪಾಕ ಹಾಕಿ, ಏಲಕ್ಕಿ ಕುಟ್ಟಿ ಹಾಕಿ ಉಂಡೆ ಕಟ್ಟುತ್ತಿದ್ದಳು. ನಾನು ಬೆಳಿಗ್ಗೆ ಓಡಿ ಬಂದ ಕೂಡಲೇ ಒಂದು ಉಂಡೆ, ಮೇಲೆ ಒಂದು ಲೋಟ ನಿಂಬೆ ಪಾನಕ. "ಇದ್ರೊಳಗೇ ಹಾಕೀನಿ ಕಣೇ, ತಿನ್ನು" ಅನ್ನುವಳು. ರುಚಿಯಲ್ಲಿ ಕಹಿ, ಕಬ್ಬಿಣದ ವಾಸನೆ ಏನೂ ಇರುತ್ತಿರಲಿಲ್ಲ. ಎಲ್ಲ ಏಲಕ್ಕಿಯ ಮಹಿಮೆ ಎಂದು ಅಮ್ಮನನ್ನು ಮೆಚ್ಚಿಕೊಂಡೆ.

ಕೆಲವು ದಿನಗಳಲ್ಲಿ ಮಲದ ಕಪ್ಪು ಹೋಯಿತು. ಮೈ ಒಗ್ಗಿಕೊಂಡಿರಬೇಕು ಅಂದುಕೊಂಡೆ. ಜೋರು ಓಟಗಳು ಮತ್ತೆ ಒಂದೊಂದಾಗಿ ಕೈಬಿಡತೊಡಗಿದವು. ಮೊದಲು ಕೊನೆಯದು, ಆಮೇಲೆ ಅದರ ಹಿಂದಿನದು. ಮೇಡಂ ವಾಚು ನೋಡಿ ಹುಬ್ಬು ಗಂಟಿಕ್ಕಿದರು. "ಮಾತ್ರೆ ತಗೋತಿದ್ದೀಯಾ?" ಎಂದು ಕೇಳಿದರು. "ದಿನಾ ಮೇಡಂ" ಅಂದೆ. "ಸುಳ್ಳು ಹೇಳ್ಬೇಡ" ಅಂದರು. ಎಲ್ಲರೆದುರಿಗೆ ಅಂದರು. ನನಗೆ ಅಳು ಬಂತು, ಸಿಟ್ಟೂ ಬಂತು. ಆಮೇಲೆ ಅವರೊಂದಿಗೆ ವಾರವಿಡೀ ಮುಖ ಕೊಟ್ಟು ಮಾತಾಡಲಿಲ್ಲ.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಹಿತ್ತಲಿಗೆ ಹೋದಾಗ ಬಚ್ಚಲ ಮರದ ಬೇರಿಗೆ ಅಪ್ಪ ಕಟ್ಟಿದ ಕವರಿನಲ್ಲಿ ಕೆಂಪಗೆ, ತುಕ್ಕಿನ ಬಣ್ಣದ ನೀರು ತಳದಲ್ಲಿ ಉಳಿದಿದ್ದನ್ನು ನೋಡಿದೆ. ಅಪ್ಪನ ಹೊಸ ಔಷಧಿ ಅಂದುಕೊಂಡು ದಾಟಿಕೊಂಡು ಹೋದೆ.

ತುಮಕೂರಿಗೆ ಓಟಕ್ಕೆ ಹೋಗುವಾಗ ಅಪ್ಪನೂ ಬಂದ. ಬಿಳಿ ಅಂಗಿ ಹಾಕಿಕೊಂಡು, ಹಣೆಗೆ ವಿಭೂತಿ ಇಟ್ಟುಕೊಂಡು, ಮೈದಾನದ ಕಬ್ಬಿಣದ ಬೇಲಿ ಹಿಡಿದು ನಿಂತಿದ್ದ. ನಾನು ಪಂದ್ಯದಲ್ಲಿ ಓಡುವುದನ್ನು ಅವನು ನೋಡಿದ್ದು ಅದೇ ಮೊದಲು. ಪಿಸ್ತೂಲು ಸಿಡಿಯಿತು. ಮೊದಲ ಸುತ್ತಿನಲ್ಲಿ ನಾನು ಎರಡನೆಯವಳಾಗಿದ್ದೆ, ಮುಂದಿನವಳ ಹೆಗಲ ಪಕ್ಕದಲ್ಲೇ. ಕೊನೆಯ ಸುತ್ತಿನ ಗಂಟೆ ಬಾರಿಸಿದರು. ಎದುರುಗಡೆಯ ನೇರ ದಾರಿಯಲ್ಲಿ ಇನ್ನೂ ಸರಿಯಾಗಿಯೇ ಇದ್ದೆ. ಕೊನೆಯ ತಿರುವಿಗೆ ಬಂದೆ. ಉಸಿರು ಇತ್ತು, ಮನಸ್ಸು ಇತ್ತು, ಕಾಲು ಇರಲಿಲ್ಲ. ಎಳೆದೆ, ಬರಲಿಲ್ಲ. ಒಬ್ಬಳು ದಾಟಿದಳು. ಇನ್ನೊಬ್ಬಳು ದಾಟಿದಳು. ಅವರ ಶೂಗಳ ಸದ್ದು ಮುಂದಕ್ಕೆ ಹೋಗುವುದನ್ನು ಕೇಳುತ್ತಾ ನಾಲ್ಕನೆಯವಳಾಗಿ ಮುಗಿಸಿದೆ. ಹಿಂದಿನ ವರ್ಷಕ್ಕಿಂತ ಒಂದು ಜಾಗ ಕೆಳಗೆ.

ಅಪ್ಪ ನೀರಿನ ಬಾಟಲಿ ಹಿಡಿದು ಬಂದ. ಬೈಯುತ್ತಾನೆಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು.

"ಆಯ್ತು ಬುಡವ್ವ. ಓಡೋದು ನಿನ್ನ ಮೈಗೆ ಒಗ್ಗಲ್ಲ ಕಣವ್ವ. ನಂಗೂ ಇವತ್ತು ಗೊತ್ತಾಯ್ತು."

ಮಾತು ಮಾತೇ. ಮನೆಗೆ ಬಂದು ಶೂ ತೊಳೆದು, ಒಣಗಿಸಿ, ಅಟ್ಟದ ಮೇಲೆ ಕಾಯಿಗಳ ಪಕ್ಕದಲ್ಲಿಟ್ಟೆ. ಮೇಡಂ ಫೋನ್ ಮಾಡಿದಾಗ ಎತ್ತಲಿಲ್ಲ. ನನ್ನ ಮೈಯನ್ನು ನಾನೇ ಶಪಿಸಿಕೊಂಡು ದಿನ ಕಳೆದೆ. ಕನ್ನಡಿಯ ಮುಂದೆ ನಿಂತು ನನ್ನ ತೊಡೆಗಳನ್ನು ನೋಡಿಕೊಂಡು, ಇವು ಓಡುವವರ ಕಾಲುಗಳಲ್ಲ, ಅಪ್ಪ ಹೇಳಿದ್ದು ಸರಿ ಎಂದು ನಂಬಿಬಿಟ್ಟೆ. ಈ ಇಡೀ ಕಥೆಯಲ್ಲಿ ನನಗೆ ಇವತ್ತಿಗೂ ತಡೆಯಲಾಗದ್ದು ಅದೇ, ನಾನು ನಂಬಿದ್ದು.

ಶ್ರಾವಣ ಕಳೆಯಿತು. ಕೈಕೊಟ್ಟಿದ್ದ ಮಳೆ ಹಿಂಗಾರಿನಲ್ಲಿ ಚೆನ್ನಾಗಿ ಬಿತ್ತು, ಕಟ್ಟೆಗಳೆಲ್ಲ ತುಂಬಿದವು. ದಸರಾ ಮುಗಿದ ಮೇಲೆ ತುರುವೇಕೆರೆಯವರು ನನ್ನನ್ನು ನೋಡಲು ಬಂದರು. ಹುಡುಗ, ಅವನ ತಂದೆ ತಾಯಿ, ಜೊತೆಗೆ ಇಬ್ಬರು ನೆಂಟರು. ನಾನು ಅಮ್ಮನ ಹಸಿರು ಸೀರೆ ಉಟ್ಟು ಒಳಗೆ ಕೂತಿದ್ದೆ. ದೊಡ್ಡಮ್ಮ ನನ್ನ ತಲೆಗೆ ಹೂ ಮುಡಿಸುತ್ತಾ, "ಜಾಸ್ತಿ ಮಾತಾಡ್ಬ್ಯಾಡ, ಉಸ್ರು ಜೋರಾಗಿ ಬುಡ್ಬ್ಯಾಡ" ಎಂದು ಬುದ್ಧಿ ಹೇಳಿದಳು.

ಹುಡುಗನ ತಂದೆ ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು. ಅವರೂ ತೆಂಗಿನವರೇ. ತೊಳೆದುಕೊಂಡು ಬರುವುದು ಬಿಟ್ಟು ಅಲ್ಲೇ ತಲೆಯೆತ್ತಿ ನಿಂತುಬಿಟ್ಟರು. ಅಪ್ಪ ಟವೆಲ್ಲು ಹಿಡಿದು ಹಿಂದೆಯೇ ಹೋದ. ನಾನು ಕೂತಿದ್ದ ಕೋಣೆಯ ಕಿಟಕಿ ಹಿತ್ತಲಿಗೇ ತೆರೆಯುತ್ತಿತ್ತು.

"ಏನ್ರೀ ಇದು, ಮರ ಹಿಂಗೈತೆ! ಹೊಂಬಾಳೆ ನೋಡ್ರೀ. ಏನ್ ಹಾಕಿದ್ರಿ ಇದ್ಕೆ?"

ಆ ತಿಂಗಳು ನಮ್ಮ ಸೀಮೆಯ ಯಾವ ಮರ ಹಾಗಿರಲಿಲ್ಲ? ಅಂಥ ಮಳೆಗೆ ಬೇಲಿಯ ಗೂಟವೂ ಚಿಗುರಿತ್ತು. ಆದರೆ ಅಪ್ಪನಿಗೆ ಅಷ್ಟು ದಿನದ ಅವಮಾನ ತೊಳೆದುಹೋದ ಖುಷಿ. ಎದುರಿಗಿರುವವರು ಯಾತಕ್ಕೆ ಬಂದಿದ್ದಾರೆ ಅನ್ನುವುದನ್ನೇ ಮರೆತ.

"ಹಳದಿಗಟ್ಟಿ ಹೋಗಿತ್ತು ಕಣ್ರೀ. ಕಬ್ಬಿಣ ಕಮ್ಮಿ ಅಂದ್ರು. ಮಗಳಿಗೆ ಡಾಕ್ಟ್ರು ಕೊಟ್ಟಿದ್ದ ಕಬ್ಬಿಣದ ಮಾತ್ರೆ ಮನೇಲಿ ಸುಮ್ನೆ ಬಿದ್ದಿದ್ವು. ನಮ್ಮನೆಯೋಳು ಬಿಸಾಕಾಕೆ ಮನ್ಸು ಬರ್ದೆ ನಂಗೆ ಕೊಟ್ಲು. ನೀರಲ್ಲಿ ಕರಗಿಸಿ ಬೇರಿಗೆ ಕಟ್ಟಿದೆ ನೋಡ್ರಿ, ಎಲ್ಲಾನೂ ಕುಡ್ದುಬಿಡ್ತು. ಈಗ ಹೆಂಗಾಗೈತೆ!"

ಬಿಸಾಕಲು ಮನಸ್ಸು ಬರಲಿಲ್ಲ. ನಮ್ಮ ಮನೆಯಲ್ಲಿ ಏನನ್ನೂ ಬಿಸಾಕುವುದಿಲ್ಲ, ನಿಜ. ಸಿಪ್ಪೆ ಒಲೆಗೆ, ಗರಿ ಚಪ್ಪರಕ್ಕೆ, ಚಿಪ್ಪು ಇದ್ದಿಲಿಗೆ. ನನ್ನ ಮಾತ್ರೆ ಮರಕ್ಕೆ. ನನ್ನ ಕೊನೆಯ ತಿರುವನ್ನು ಹಿತ್ತಲಿನ ಒಂದು ತೆಂಗಿನಮರ ಕುಡಿದು ಕೂತಿತ್ತು.

ನಾನು ಎದ್ದು ನಿಂತೆ. ದೊಡ್ಡಮ್ಮ ಕೈ ಹಿಡಿದು ಎಳೆದಳು, ಬಿಡಿಸಿಕೊಂಡೆ. ಸೀರೆಯ ನೆರಿಗೆ ಕೈಯಲ್ಲಿ ಹಿಡಿದು ಹಿತ್ತಲಿನ ಬಾಗಿಲಿಗೆ ಬಂದೆ. ನನ್ನ ಹಿಂದೆಯೇ ಅಮ್ಮ ತಿಂಡಿಯ ತಟ್ಟೆ ಹಿಡಿದು ಬಂದು ನಿಂತಳು.

"ಅಮ್ಮಾ, ಉಂಡೆ ಒಳಗೆ ಏನಿತ್ತು?"

ಅಮ್ಮ ತಟ್ಟೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು.

"ದಿನಾ ತಿನ್ನಿಸಿದ್ಯಲ್ಲ, ಇದ್ರೊಳಗೇ ಹಾಕೀನಿ ಅಂತ. ಏನ್ ಹಾಕಿದ್ದೆ?"

"ಬೆಲ್ಲ ಹಾಕಿದ್ದೆ" ಅಂದಳು ಅಮ್ಮ. "ಬೆಲ್ಲದಲ್ಲೂ ಕಬ್ಬಿಣ ಇರ್ತದಂತೆ ಕಣೇ. ಟೀವೀಲಿ ಹೇಳಿದ್ರು."

ಹುಡುಗನ ತಂದೆ ಟವೆಲ್ಲು ಕೈಯಲ್ಲಿ ಹಿಡಿದು ನಮ್ಮಿಬ್ಬರನ್ನೂ ನೋಡಿದರು. "ಯಾಕಮ್ಮ, ಏನಾಗಿತ್ತು ನಿಂಗೆ? ಮಾತ್ರೆ ಯಾತಕ್ಕೆ ಕೊಟ್ಟಿದ್ರು?" ಎಂದು ಮೆಲ್ಲಗೆ ಕೇಳಿದರು.

"ಓಡೋಕೆ" ಅಂದೆ. "ನಂಗೆ ಕಾಯಿಲೆ ಇರ್ಲಿಲ್ಲ. ರಕ್ತ ಕಮ್ಮಿ ಇತ್ತು. ಅದನ್ನ ತಿಂದಿದ್ರೆ ತುಮಕೂರಲ್ಲಿ ಗೆಲ್ತಿದ್ದೆ. ಗೆದ್ದಿದ್ರೆ ನೀವು ಇವತ್ತು ಇಲ್ಲಿಗೆ ಬರೋ ತಾಪತ್ರಯಾನೇ ಇರ್ತಿರ್ಲಿಲ್ಲ."

ಆಮೇಲೆ ನಡೆದದ್ದೆಲ್ಲ ಬೇಗ ಬೇಗ ನಡೆಯಿತು. ಉಪ್ಪಿಟ್ಟು, ಕೇಸರಿಬಾತು ತಟ್ಟೆಗಳಲ್ಲಿ ಹಾಗೇ ಆರಿದವು. ಮನೆಗೆ ಹೋಗಿ ಹೇಳಿಕಳಿಸುತ್ತೇವೆ ಎಂದು ಅವರು ಎದ್ದರು. ನಮ್ಮ ಕಡೆ ಅದಕ್ಕೆ ಅರ್ಥ ಏನೆಂದು ಎಲ್ಲರಿಗೂ ಗೊತ್ತು. ಅವರು ಹೇಳಿಕಳಿಸಲಿಲ್ಲ. ಆದರೆ ಹುಡುಗನ ತಂದೆ ಕಾರು ಹತ್ತುವ ಮುಂಚೆ ಅಪ್ಪನನ್ನು ಪಕ್ಕಕ್ಕೆ ಕರೆದು ಏನೋ ಕೇಳಿದರು. ಅಪ್ಪ ಒಳಗೆ ಬಂದು ಮಾತ್ರೆಯ ಹೆಸರಿದ್ದ ಖಾಲಿ ಶೀಟೊಂದನ್ನು ಹುಡುಕಿ ತೆಗೆದುಕೊಂಡು ಹೋಗಿ ಅವರಿಗೆ ಕೊಟ್ಟ. ಅವರ ತೋಟದಲ್ಲೂ ಎರಡು ಮರ ಹಳದಿಗಟ್ಟಿದ್ದವಂತೆ.

ಕಾರು ಹೋದ ಮೇಲೆ ಅಮ್ಮ ಅಡುಗೆಮನೆಯಲ್ಲಿ ಅಳುತ್ತಾ ಕೂತಳು. ದೊಡ್ಡಮ್ಮ ಜೀವಮಾನದಲ್ಲಿ ಮೊದಲ ಸಲ ಏನೂ ಮಾತಾಡದೆ ತನ್ನ ಮನೆಗೆ ಹೋದಳು. ನಾನು ಜಗಲಿಯಲ್ಲಿ ಅಪ್ಪನ ಎದುರು ನಿಂತೆ.

"ಅಪ್ಪಾ, ಆ ಮರಕ್ಕೆ ಎಲ್ಲರ ಕಣ್ಮುಂದೆ ಕವರು ಕಟ್ಟಿದ್ಯಲ್ಲ, ನಿಂಗೆ ನಾಚ್ಕೆ ಆಗ್ಲಿಲ್ಲ. ಅದಕ್ಕೆ ಕಾಯಿಲೆ ಅಂತ ಯಾರೂ ಅನ್ಲಿಲ್ಲ. ನಾನು ನುಂಗಿದ್ರೆ ಮಾತ್ರ ಯಾಕೆ?"

ಅಪ್ಪ ತಪ್ಪಿಸಿಕೊಳ್ಳುವವನ ಹಾಗೆ ಇರಲಿಲ್ಲ, ನಿಜವಾಗಿಯೂ ಉತ್ತರ ಹುಡುಕುತ್ತಿದ್ದ. ಆಮೇಲೆ ಹೇಳಿದ.

"ಮರನ ಯಾರು ನೋಡಕ್ಕೆ ಬತ್ತಾರವ್ವ?"

ನಾನು ಅಟ್ಟ ಹತ್ತಿ ಶೂ ಇಳಿಸಿಕೊಂಡು ಬಂದೆ. ಸೀರೆ ಬದಲಿಸಿ, ಮೇಡಂಗೆ ಫೋನ್ ಮಾಡಿದೆ. ಅವರು ಮೊದಲು ಬೈದರು, ಆಮೇಲೆ ಕೇಳಿಸಿಕೊಂಡರು. ಮಾರನೆಯ ದಿನ ತಿಪಟೂರಿನಿಂದ ಹೊಸ ಶೀಟು ತಂದೆ. ಹಾಲಿನ ಬೈಕುಗಳು ಬರುವ ಹೊತ್ತಿಗೆ ನಮ್ಮ ಮನೆಯ ಜಗಲಿಯ ಮೇಲೆ, ಬೀದಿಗೆ ಮುಖ ಮಾಡಿ ಕೂತು, ಎಲ್ಲರೂ ನೋಡುವ ಹಾಗೆ ಕೈ ಎತ್ತಿ ಮಾತ್ರೆ ಬಾಯಿಗೆ ಹಾಕಿಕೊಂಡು, ಲೋಟದ ಪಾನಕ ಕುಡಿದೆ. ಅಪ್ಪ ಪಕ್ಕದಲ್ಲೇ ಇದ್ದ. ಓಡಬೇಡ ಎನ್ನಲೂ ಇಲ್ಲ, ಓಡು ಎನ್ನಲೂ ಇಲ್ಲ.

ಕಾಲೇಜಿನ ಪರವಾಗಿ ಓಡುವ ನನ್ನ ವಯಸ್ಸು ಆ ವರ್ಷಕ್ಕೇ ಮುಗಿಯಿತು, ರಾಜ್ಯದ ಮೈದಾನವನ್ನು ನಾನು ನೋಡಲಿಲ್ಲ. ಈಗಲೂ ಬೆಳಿಗ್ಗೆ ಪಂಪ್‌ಹೌಸಿನಿಂದ ಹುಣಸೆಮರಕ್ಕೆ ಓಡುತ್ತೇನೆ, ನಡೆದು ವಾಪಸ್ ಬರುತ್ತೇನೆ, ಯಾರಾದರೂ ಬೈಕು ನಿಲ್ಲಿಸಿ ಸುಸ್ತಾಯ್ತಾ ಎಂದು ಕೇಳುತ್ತಾರೆ. ಬಚ್ಚಲ ಮರ ಅದಾದ ಮೇಲೆ ಗೊನೆ ಗೊನೆಯಾಗಿ ಕಾಯಿ ಬಿಡುತ್ತಿದೆ. ಅದರ ಕೊಬ್ಬರಿಯಲ್ಲಿ ಅಮ್ಮ ಉಂಡೆ ಕಟ್ಟುತ್ತಾಳೆ, ನಾನು ಓಡಿ ಬಂದ ಕೂಡಲೇ ತಟ್ಟೆಯಲ್ಲಿಟ್ಟು ಮುಂದೆ ನೂಕುತ್ತಾಳೆ. ಒಳಗೆ ಏನು ಹಾಕಿದ್ದೇನೆಂದು ಈಗ ಅವಳು ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಆ ಉಂಡೆಯನ್ನು ಮಾತ್ರ ಅವತ್ತಿನಿಂದ ಇವತ್ತಿನವರೆಗೂ ಬಾಯಿಗಿಟ್ಟಿಲ್ಲ.